ಹನ್ನೊಂದು ಬುಟ್ಟಿ ಉಪ್ಪು

ನಮ್ಮಜ್ಜ ಅಗ್ಬೆಕೊ ಪಾದ್ರಿಯ ದುಭಾಷಿಯಾಗಿದ್ದ.
ದುಭಾಷಿ ಎಂದರೆ, ಬರುತ್ತಿದ್ದದ್ದು ಅರ್ಧ ಜರ್ಮನ್,
ಅದೂ ಬಂದರಿನ ಜರ್ಮನ್:
ಎತ್ತು, ಇಳಿಸು, ಕಳ್ಳ, ಎಷ್ಟು, ನಾಳೆ ಬಾ.
ಅಷ್ಟರಲ್ಲೇ ಐದು ವರ್ಷ
ಪರಲೋಕವನ್ನು ಎವೆ ಭಾಷೆಗೆ ಇಳಿಸಿಕೊಟ್ಟ.

ಕೇಟಾದಲ್ಲಿ ಒಂದು ಕಡೆ ಕಡಲು, ಒಂದು ಕಡೆ ಹಿನ್ನೀರು,
ನಡುವೆ ಚಾಪೆಯಗಲದ ಮರಳು.
ಬಿಸಿಲಿಗೆ ಹಿನ್ನೀರು ಬತ್ತಿದರೆ ಉಪ್ಪು.
ಕೆರೆದು ಗುಡ್ಡೆ ಹಾಕಿ ಬುಟ್ಟಿ ತುಂಬಿದವರದ್ದೇ ಊರು.
ಕೊಸಿವಾ ತುಂಬಿದವಳು.
ಅವಳ ಲೆಕ್ಕವೆಲ್ಲ ನಾರಿನ ಹುರಿಯಲ್ಲಿ:
ಸಾಲಗಾರನಿಗೊಂದು ಹುರಿ, ಬುಟ್ಟಿಗೊಂದು ಗಂಟು.
ಅಜ್ಜನ ಹುರಿಗೆ ಹನ್ನೊಂದು.
ಮಾರಿಬಂದ ದುಡ್ಡು ತಾಳೆಹೆಂಡವಾಗಿ ಗಂಟಲಿಳಿದಿತ್ತು.
ಉಪ್ಪಿನ ಋಣ ಅವನಿಗೆ ಗಾದೆಯಲ್ಲ,
ಎದುರಿಗೆ ಸಿಕ್ಕರೆ ಓಣಿ ಬದಲಿಸಬೇಕಾದ ಹೆಂಗಸು.

ಆ ಭಾನುವಾರ ಪಾದ್ರಿ ಓಲ್ಟ್‌ಮಾನ್‌ಗೆ ಹಲ್ಲುನೋವು.
ದವಡೆಗೆ ಬಟ್ಟೆ ಕಟ್ಟಿಕೊಂಡೇ ಪೀಠ ಹತ್ತಿದರು.
ಹೆಂಡತಿಯ ಪತ್ರ ಬಂದು ಏಳು ತಿಂಗಳು.
ಹಳೆಯ ಪ್ರಸಂಗದ ಹಾಳೆಯನ್ನೇ ಮೂರನೇ ಸಲ ಬಿಡಿಸಿದರು.
ಉದ್ದುದ್ದ ವಾಕ್ಯ,
ತಲೆ ಬಾಗಿಲಲ್ಲಿದ್ದರೆ ಬಾಲ ಬಾವಿಕಟ್ಟೆಯಲ್ಲಿ.
ನಡುವೆ ಒಂದು ಶಬ್ದ ಮತ್ತೆ ಮತ್ತೆ ಬಂತು.
ನೀವಾದರೆ ಕೃಪೆ ಅನ್ನುತ್ತೀರಿ.
ಅಜ್ಜನಿಗೆ ಗೊತ್ತಿರಲಿಲ್ಲ,
ಬಂದರಿನಲ್ಲಿ ಅದನ್ನು ಯಾರೂ ಬಳಸುತ್ತಿರಲಿಲ್ಲ.

ಪಾದ್ರಿ ನಿಲ್ಲಿಸಿದರು. ಜನ ಕಾದರು.
ಎರಡನೇ ಬೆಂಚಿನಲ್ಲಿ ಕೊಸಿವಾ,
ಸೊಂಟದಲ್ಲಿ ಹುರಿಗಳ ಗೊಂಚಲು,
ಅವನನ್ನೇ ನೋಡುತ್ತಿದ್ದಳು.

ಅಜ್ಜ ಗಂಟಲು ಸರಿಮಾಡಿಕೊಂಡ.
‘ದೇವರ ಹತ್ತಿರವೂ ಹುರಿಗಳಿವೆಯಂತೆ,
ನಮ್ಮೊಬ್ಬೊಬ್ಬರದ್ದೂ, ಎಣಿಸಲಾರದಷ್ಟು ಗಂಟು.
ಒಂದು ಬೆಳಿಗ್ಗೆ ಆತ ಎಲ್ಲವನ್ನೂ ಒಲೆಗೆ ಹಾಕಿದನಂತೆ.
ಆದ್ದರಿಂದ ಇಲ್ಲಿ ಯಾರ ಬಳಿಯಾದರೂ ಹುರಿಯಿದ್ದರೆ,
ಉದಾಹರಣೆಗೆ ಉಪ್ಪಿನದ್ದು,
ಇವತ್ತೇ ಹೋಗಿ ಸುಟ್ಟುಬಿಡಬೇಕಂತೆ.’

ಪಾದ್ರಿ ತಲೆಯಾಡಿಸಿದರು.
ಕೆನ್ನೆ ಹಿಡಿದುಕೊಂಡು ಇನ್ನರ್ಧ ಗಂಟೆ ಮಾತಾಡಿದರು.
ಅದನ್ನೆಲ್ಲ ಅಜ್ಜ ‘ಇನ್ನೂ ಅದೇ’ ಎಂದು ಮುಗಿಸಿದ.

ರಾತ್ರಿ ಕೊಸಿವಾ ಉಣ್ಣಲಿಲ್ಲ.
ಒಲೆಯ ಮುಂದೆ ಹುರಿ ಹರಡಿ ಕೂತಳು.
ತಳದಲ್ಲೊಂದಿತ್ತು, ಉಪ್ಪಿನದ್ದಲ್ಲ,
ತಂಗಿ ಅಬ್ಲಾಳದ್ದು. ಒಂದೇ ಗಂಟು.
ಒಂಬತ್ತು ವರ್ಷದ ಹಿಂದೆ, ಕೊಸಿವಾ ಸಂತೆಯಲ್ಲಿದ್ದಾಗ,
ಅಬ್ಲಾ ಒಂದು ಗಳಿಗೆ ಕಣ್ಣು ಮುಚ್ಚಿದಾಗ,
ಮಗು ಹಿನ್ನೀರಿನ ಕಡೆಗೆ ನಡೆದುಹೋಗಿತ್ತು.

ಉಗುರಿನಿಂದ ಬಿಚ್ಚಲು ನೋಡಿದಳು.
ಹಲ್ಲಿನಿಂದ ನೋಡಿದಳು.
ಬೆವರು ಕುಡಿದು ಕುಡಿದು ಗಂಟು ಕಲ್ಲಾಗಿತ್ತು.
ಸುಡಲಿಲ್ಲ.
ಮುಷ್ಟಿಯಲ್ಲಿ ಹಿಡಿದು, ದೋಣಿಯಿಲ್ಲದ ಹೊತ್ತಿನಲ್ಲಿ,
ಯಾವ ನೀರನ್ನು ಒಂಬತ್ತು ವರ್ಷ ಮುಟ್ಟಿರಲಿಲ್ಲವೋ
ಆ ನೀರಿನಲ್ಲಿ ಮೊಣಕಾಲುದ್ದ ನಡೆದು
ಅಬ್ಲಾಳ ಬಾಗಿಲಿಗೆ ಹೋದಳು.

ಏನು ಮಾತಾಡಿದರೋ ಯಾರಿಗೂ ಗೊತ್ತಿಲ್ಲ.
ಬೆಳಿಗ್ಗೆ ಒಂದೇ ಬುಟ್ಟಿಯ ಎರಡು ಕಿವಿ ಹಿಡಿದು
ಇಬ್ಬರೂ ಬರುವುದನ್ನು ಊರು ನೋಡಿತು.

ಬಂದವರು ನೆಟ್ಟಗೆ ಅಜ್ಜನ ಮನೆಗೆ ಬಂದರು.
‘ನಿನ್ನೆಯ ಪ್ರಸಂಗ ಕೇಳಲಿಲ್ಲವೇ?’ ಅಂದ ಅಜ್ಜ.
‘ಕೇಳಿದೆ. ಅದು ನನಗೆ ಹೇಳಿದ್ದು.
ನಿನ್ನದು ಹನ್ನೊಂದು’ ಅಂದಳು ಕೊಸಿವಾ,
ಅವನ ಭಾನುವಾರದ ಕೋಟು ಮಡಚಿ
ಬುಟ್ಟಿಗೆ ಹಾಕಿಕೊಂಡಳು.

ಪಾದ್ರಿಯ ದಿನಚರಿಯಲ್ಲಿ ಆ ದಿನಕ್ಕೆ ಎರಡೇ ಸಾಲು:
ಹಲ್ಲು ಕೀಳಿಸಬೇಕು.
ಇಂದೂ ಯಾರೂ ಆಲಿಸಲಿಲ್ಲ.

ಮುಪ್ಪಿನಲ್ಲಿ ಅಜ್ಜನನ್ನು ಕೇಳಿದ್ದೆ,
ದೇವರ ಹೆಸರಲ್ಲಿ ಸುಳ್ಳು ಹೇಳಿದೆಯಾ ಎಂದು.
‘ಸುಳ್ಳು ನನ್ನದೇ’ ಅಂದ.
‘ಬಾಯಿ ತೆಗೆದದ್ದು ಬರೀ ಹನ್ನೊಂದು ಬುಟ್ಟಿಗೆ.
ಆ ಒಲೆ, ಆ ಬೆಳಿಗ್ಗೆ,
ಅವು ನನ್ನ ಬಾಯಿಗೆ ಹೇಗೆ ಬಂದವೋ
ಇವತ್ತಿಗೂ ಗೊತ್ತಿಲ್ಲ.’

ಆಮೇಲೆ ದಿಂಬಿನಡಿ ನಶ್ಯದ ಡಬ್ಬಿ ಹುಡುಕಿದ.
ಅದೂ ಯಾರದ್ದೋ.